ಹಸಿರು ಚುಕ್ಕೆಯ ಎಂಟು ತಿಂಗಳು

ಬೊಲೆರೊ ನನ್ನ ಬೈಕಿನ ಹಿಂದಿನ ಚಕ್ರಕ್ಕೆ ಎರಡನೇ ಸಲ ಗುದ್ದಿತು.

ಮೊದಲನೇ ಸಲ ಗುದ್ದಿದಾಗ ಪಾಪ, ಬ್ರೇಕ್ ಹಿಡಿದಿಲ್ಲ ಅಂದುಕೊಂಡಿದ್ದೆ. ಎರಡನೇ ಸಲಕ್ಕೆ ಆ ಪಾಪ ಉಳಿಯಲಿಲ್ಲ.

ಕೆ.ಎಂ. ದೊಡ್ಡಿ ದಾಟಿ ಮಳವಳ್ಳಿ ಕಡೆಗೆ ಹೋಗುತ್ತಿದ್ದೆ. ಮಟಮಟ ಮಧ್ಯಾಹ್ನ. ಎಡಕ್ಕೆ ನಾಲೆ, ಬಲಕ್ಕೆ ಆಳೆತ್ತರದ ಕಬ್ಬು. ಎದುರಿಗೆ ಕಬ್ಬು ಹೇರಿಕೊಂಡ ಟ್ರಾಕ್ಟರ್, ರಸ್ತೆಯ ಮುಕ್ಕಾಲು ಭಾಗ ಅದರದ್ದೇ. ಪಕ್ಕಕ್ಕೆ ಸರಿಯೋಣ ಅಂದರೆ ಜಾಗವೇ ಇಲ್ಲ!

ಬೆನ್ನಿಗೆ ಬ್ಯಾಗು. ಬ್ಯಾಗಿನಲ್ಲಿ ಒಂದು ಹಾರ್ಡ್ ಡಿಸ್ಕ್. ಅದಕ್ಕೋಸ್ಕರವೇ ಈ ಗುದ್ದಾಟ.

ಟ್ರಾಕ್ಟರ್ ಹೇಗೋ ಹಾದುಹೋಯಿತು. ಮೂರನೇ ಗುದ್ದಿಗೆ ಬೈಕು ನಾಲೆಯ ಏರಿ ಕಡೆಗೆ ಜಾರಿತು, ನಾನು ಟಾರಿನ ಮೇಲೆ ಬಿದ್ದೆ. ಮೊಣಕೈ ತರಚಿತು, ಬಾಯಿ ತುಂಬ ಮಣ್ಣು... ಎದ್ದು ಕಬ್ಬಿನ ಗದ್ದೆಗೆ ನುಗ್ಗಿದೆ. ಗರಿಗಳು ಮುಖವನ್ನೆಲ್ಲ ಕೊಯ್ದವು. ನಲವತ್ತೈದು ವರ್ಷದ ಮಂಡಿ ಎಷ್ಟು ದೂರ ಓಡೀತು ಹೇಳಿ? ಹತ್ತು ಸಾಲು ದಾಟುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬ್ಯಾಗಿನ ಪಟ್ಟಿ ಹಿಡಿಯಿತು.

ಮುದ್ದಯ್ಯ. ಮದ್ದೂರಿನ ಲ್ಯಾಬಿನ ಡ್ರೈವರ್. ಹಿಂದೆ ಕಬಡ್ಡಿ ಆಡುತ್ತಿದ್ದವನು, ಹಿಡಿದರೆ ಬಿಡುವ ಪೈಕಿ ಅಲ್ಲ.

"ಡಿಸ್ಕ್ ಕೊಟ್ಬುಡಿ ಸಾಬ್ರೆ. ನಿಮ್ಮುನ್ನ ಒಡೆಯೋಕೆ ನಂಗೇನೂ ಆಸೆ ಇಲ್ಲ."

"ಕೊಡದಿದ್ರೆ?"

"ಒಡೀತೀನಿ."

ಹೇಳಿದ ಮಾತಿಗೆ ತಪ್ಪುವ ಮನುಷ್ಯನಲ್ಲ. ಕಿವಿಯ ಮೇಲೆ ಒಂದು, ದವಡೆಗೆ ಒಂದು. ನಾನು ಸಾಲಿನ ಮಧ್ಯೆ ಕುಸಿದೆ. ಅವನು ಡಿಸ್ಕ್ ಜೇಬಿಗೆ ಹಾಕಿಕೊಂಡು, ಬ್ಯಾಗಿನಲ್ಲಿದ್ದ ನೀರಿನ ಬಾಟಲಿ ತೆಗೆದು ನನ್ನ ಪಕ್ಕ ಇಟ್ಟು, ಹೊರಟುಹೋದ.

ನಾನು ಕೂತು ರಕ್ತ ಉಗಿದೆ. ನಿಮಗೆ ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ.

ಆ ಡಿಸ್ಕ್ ಖಾಲಿ.

ಅದರಲ್ಲಿ ಇರಬೇಕಾಗಿದ್ದದ್ದು ಎಲ್ಲೂ ಇರಲಿಲ್ಲ. ಇಲ್ಲದಿರುವುದಕ್ಕೆ ಕಾರಣ ನಾನು.

ನನ್ನ ಹೆಸರು ಅಶ್ಫಾಕ್. ಮಂಡ್ಯದ ಗುತ್ತಲು ರಸ್ತೆಯಲ್ಲಿ ಅಂಗಡಿ. ಸತ್ತ ಕಂಪ್ಯೂಟರಿನಿಂದ ಫೈಲು ತೆಗೆಯುವುದು, ಅಳಿಸಿದ ಫೋಟೋ ಹುಡುಕಿಕೊಡುವುದು, ಯಾರು ಯಾರ ಸಿಸ್ಟಂಗೆ ಕೈ ಹಾಕಿದರು ಅಂತ ಪತ್ತೆ ಮಾಡುವುದು ನನ್ನ ಕಸುಬು. ಗಂಡಂದಿರು ಬರುತ್ತಾರೆ, ಹೆಂಡತಿಯರು ಬರುತ್ತಾರೆ, ಒಮ್ಮೊಮ್ಮೆ ಪೊಲೀಸರೂ ಬರುತ್ತಾರೆ. ಮಂಡ್ಯದ ಅರ್ಧ ಜನರ ಗುಟ್ಟು ನನ್ನ ಕೈಯಲ್ಲಿದೆ ಅನ್ನುವ ಜಂಬ ನನಗಿತ್ತು.

ಇದರ ಜೊತೆಗೆ ಖಾಯಂ ಕೆಲಸ ಒಂದಿತ್ತು. ಮದ್ದೂರಿನ ಒಂದು ರಕ್ತಪರೀಕ್ಷೆ ಲ್ಯಾಬು. ಹೆಸರು ಬೇಡ ಬಿಡಿ. ಮಾಲೀಕ ಡಾಕ್ಟರ್ ರಾಜೇಂದ್ರ. ಮಂಡ್ಯ, ಮಳವಳ್ಳಿ, ಹಲಗೂರಿನಲ್ಲಿ ರಕ್ತ ತೆಗೆದು ಗಾಡಿಯಲ್ಲಿ ಮದ್ದೂರಿಗೆ ತರುತ್ತಾರೆ. ಎಲ್ಲರ ರಿಪೋರ್ಟೂ ಒಂದೇ ಡೇಟಾಬೇಸಿನಲ್ಲಿ. ಆ ಡೇಟಾಬೇಸಿನ ನಕಲು ದಿನಾ ಮಧ್ಯಾಹ್ನ ಎರಡು ಗಂಟೆಗೆ ತಾನಾಗಿಯೇ ನನ್ನ ಅಂಗಡಿಯ ಮೆಷಿನ್‌ಗೆ ಬಂದು ಕೂರುವ ಹಾಗೆ ಏರ್ಪಾಡು ಮಾಡಿದ್ದೆ. ಅದೇ ಬ್ಯಾಕಪ್.

ನೋಡಿಕೊಳ್ಳುವುದಕ್ಕೆ ಒಂದು ವೆಬ್ ಪೇಜು, ಪ್ಯಾನಲ್ ಅಂತೀವಿ, ಅದು ಓಡುವುದೂ ನನ್ನ ಅಂಗಡಿಯ ಮೆಷಿನ್ನಿನಲ್ಲೇ. ಎಲ್ಲಿಂದ ಬೇಕಾದರೂ ಬ್ರೌಸರ್ ತೆಗೆದು ಪಾಸ್‌ವರ್ಡ್ ಒತ್ತಿದರಾಯಿತು. ಯಾವ ಕೆಲಸ ಯಾವ ಹೊತ್ತಿಗೆ ನಡೆಯಬೇಕು, ಎಷ್ಟು ದಿನದ ನಕಲು ಉಳಿಯಬೇಕು, ಎಲ್ಲ ಅಲ್ಲೇ. ಸರಿಯಿದ್ದರೆ ಹಸಿರು ಚುಕ್ಕೆ, ತಪ್ಪಾದರೆ ಕೆಂಪು. ತಿಂಗಳಿಗೊಂದು ಸಲ ನಾನು ಲ್ಯಾಬಿಗೆ ಹೋಗಿ ಚುಕ್ಕೆ ನೋಡಿ, ರಿಜಿಸ್ಟರಿನಲ್ಲಿ 'ಪರಿಶೀಲಿಸಿದೆ' ಅಂತ ಸಹಿ ಹಾಕಬೇಕು. ಕಾಫಿ ಕುಡಿದು ಬರಬೇಕು. ಅಷ್ಟೇ ಕೆಲಸ.

ಗುರುವಾರ ಬೆಳಿಗ್ಗೆ ಶೋಭಿತಾ ನನ್ನ ಅಂಗಡಿಗೆ ಬಂದಳು.

ಶೋಭಿತಾ ಆ ಲ್ಯಾಬಿನ ಟೆಕ್ನೀಶಿಯನ್. ಯಲಿಯೂರಿನವಳು, ಇಪ್ಪತ್ತಾರು ವರ್ಷ, ದಿನಾ ರೈಲಿನಲ್ಲಿ ಮದ್ದೂರಿಗೆ ಹೋಗಿಬರುತ್ತಾಳೆ. ಊಟ ನಿದ್ದೆ ಬಿಟ್ಟವಳ ಹಾಗಿದ್ದಳು. ಕೂತುಕೊಳ್ಳಮ್ಮ ಅಂದರೂ ಕೂರಲಿಲ್ಲ. ನಿಂತುಕೊಂಡೇ ಹೇಳಿದಳು.

ಬಂಡೂರಿನ ಚಿಕ್ಕಮಾದು ಅಂತ ಒಬ್ಬರು. ಕುರಿ ಸಾಕುವವರು, ಕಿಡ್ನಿ ತೊಂದರೆ. ಶನಿವಾರ ಬೆಳಿಗ್ಗೆ ಮಳವಳ್ಳಿಯಲ್ಲಿ ರಕ್ತ ಕೊಟ್ಟಿದ್ದಾರೆ. ಮದ್ದೂರಿನಲ್ಲಿ ಇವಳು ಪರೀಕ್ಷೆ ಮಾಡಿದಾಗ ಪೊಟ್ಯಾಸಿಯಂ 7.2 ಬಂದಿದೆ. ಐದೂವರೆ ದಾಟಿದರೇ ಜಾಸ್ತಿಯಂತೆ, ಏಳು ಅಂದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಂತುಹೋಗಬಹುದಂತೆ. ಇವಳು ಅಂಕಿ ಎಂಟ್ರಿ ಮಾಡಿ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಒಪ್ಪಿಗೆ ಒತ್ತದೆ ರಿಪೋರ್ಟು ಹೊರಗೆ ಹೋಗುವಂತಿಲ್ಲ. ಡಾಕ್ಟರ್ ಯಾರದೋ ಬೀಗರೂಟದಲ್ಲಿದ್ದರು. ರಕ್ತ ಗಾಡಿಯಲ್ಲಿ ಕುಲುಕಿ ಕೆಟ್ಟಿರುತ್ತೆ, ಅದಕ್ಕೇ ಜಾಸ್ತಿ ತೋರಿಸ್ತಿದೆ, ತಡೆದಿಡು, ಸೋಮವಾರ ಇನ್ನೊಂದು ಸಲ ತೆಗೆಸೋಣ ಅಂದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಚಿಕ್ಕಮಾದು ಕುರಿ ದೊಡ್ಡಿಯ ಬಾಗಿಲಲ್ಲಿ ಬಿದ್ದು ಸತ್ತರು.

ಸೋಮವಾರ ಇವಳು ಕಂಪ್ಯೂಟರ್ ತೆಗೆದರೆ ಅಂಕಿ 4.2 ಆಗಿದೆ! ಇವಳದೇ ಹೆಸರಿನಲ್ಲಿ. ಎಲ್ಲರ ಪಾಸ್‌ವರ್ಡೂ ಡಾಕ್ಟರ್ ಹತ್ತಿರ ಇರುತ್ತಿತ್ತು. ಹುಡುಗಿ ಏಳು ಒತ್ತೋ ಕಡೆ ನಾಲ್ಕು ಒತ್ತಿದ್ದಾಳೆ, ಅವಳಿಂದಲೇ ಜೀವ ಹೋಯಿತು ಅಂತ ಅವರೇ ಪೊಲೀಸ್ ದೂರು ಕೊಟ್ಟಿದ್ದಾರೆ. ಬರುವ ಶನಿವಾರ ಸ್ಟೇಷನ್ನಿಗೆ ಬಾ ಅಂತ ಇವಳಿಗೆ ಕರೆ ಬಂದಿದೆ. ಹೋದರೆ ವಾಪಸ್ ಬರುವ ಭರವಸೆ ಇಲ್ಲ.

"ಶನಿವಾರದ ಬ್ಯಾಕಪ್ಪಲ್ಲಿ ಏಳು ಪಾಯಿಂಟ್ ಎರಡೇ ಇರ್ತದಲ್ಲ ಅಣ್ಣ? ನೀವು ದಿನಾ ಇಡ್ತೀರಲ್ಲ?"

ನಾನು ದೊಡ್ಡ ಮನುಷ್ಯನ ಗತ್ತಿನಲ್ಲಿ ಪ್ಯಾನಲ್ ತೆಗೆದೆ. ಹಸಿರು ಚುಕ್ಕೆ. ಪಕ್ಕದಲ್ಲಿ 'ಲಾಸ್ಟ್ ಬ್ಯಾಕಪ್: ಸಕ್ಸಸ್'. ಅದರ ಕೆಳಗೆ ಸಾಸಿವೆಯಷ್ಟು ಅಕ್ಷರದಲ್ಲಿ ಒಂದು ತಾರೀಕು. ಆ ತಾರೀಕನ್ನು ನಾನು ಯಾವತ್ತೂ ಓದಿರಲಿಲ್ಲ.

ಅಕ್ಟೋಬರ್. ಆಯುಧಪೂಜೆಯ ಹಿಂದಿನ ದಿನ.

ಈಗ ಜೂನ್!

ಎಲ್ಲ ನೆನಪಾಯಿತು. ಆಯುಧಪೂಜೆ ದಿನ ಲ್ಯಾಬಿನಲ್ಲಿ ಯಂತ್ರಗಳಿಗೆಲ್ಲ ರಜೆ. ಮೈಕ್ರೋಸ್ಕೋಪಿಗೂ ಕುಂಕುಮ, ಫ್ರಿಜ್ಜಿಗೂ ಚೆಂಡುಹೂವು. ಓಡುತ್ತಿರುವ ಯಂತ್ರಕ್ಕೆ ಮಂಗಳಾರತಿ ಎತ್ತುವುದಿಲ್ಲ, ಡೇಟಾಬೇಸ್ ಇರುವ ಸರ್ವರ್ ಕೂಡ ಆಫ್ ಮಾಡು ಅಂತ ಡಾಕ್ಟರ್ ಹಟ. ಸುಮ್ಮನೆ ಆಫ್ ಮಾಡಿದರೆ ಪ್ಯಾನಲ್ ಕೆಂಪಾಗಿ ಮೇಲ್ ಮೇಲೆ ಮೇಲ್ ಕಳಿಸುತ್ತದೆ, ಮೊದಲು ಅಲ್ಲಿ ಕೆಲಸಗಳನ್ನು ನಿಲ್ಲಿಸಬೇಕು. ಮುದ್ದಯ್ಯ ಬೂದುಗುಂಬಳ ಎತ್ತಿಕೊಂಡು ನಿಂತಿದ್ದ. ಕರ್ಪೂರ ಹೊತ್ತಿತ್ತು. ಎಲ್ಲರಿಗೂ ಅವಸರ. ಒಂದೊಂದಾಗಿ ನಿಲ್ಲಿಸುವ ತಾಳ್ಮೆ ಇಲ್ಲದೆ 'ಸ್ಟಾಪ್ ಆಲ್' ಒತ್ತಿದೆ. ನಾಳೆ ಬಂದು ಮತ್ತೆ ಶುರು ಮಾಡಿದರಾಯಿತು ಅಂದುಕೊಂಡು, ಕೊಟ್ಟ ಕಡಲೆಪುರಿ ತಿಂದು, ಮನೆಗೆ ಬಂದೆ.

ನಾಳೆ ಹೋಗಲಿಲ್ಲ. ನಾಡಿದ್ದೂ ಹೋಗಲಿಲ್ಲ.

ಆಮೇಲೆ ಎಂಟು ಸಲ ಹೋದೆ. ಎಂಟು ಸಲ ಹಸಿರು ನೋಡಿದೆ, ಎಂಟು ಸಹಿ ಹಾಕಿದೆ. ನಿಂತುಹೋದ ಕೆಲಸ ತಪ್ಪಾಗುವುದಿಲ್ಲವಲ್ಲ, ಅದಕ್ಕೇ ಕೆಂಪು ಬಂದಿರಲಿಲ್ಲ.

ಶೋಭಿತಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇದೆಯಲ್ಲ ಅಣ್ಣ?"

ಪ್ಯಾನಲ್ ಮುಚ್ಚಿದೆ. "ಇದೆಯಮ್ಮ. ತೆಗೆದು ಕೊಡ್ತೀನಿ."

ಸುಳ್ಳು ಹೇಳಿದ್ದು ಅದೇ ಮೊದಲಲ್ಲ. ಹೇಳಿ ನಾಚಿಕೆಪಟ್ಟಿದ್ದು ಮಾತ್ರ ಅದೇ ಮೊದಲು.

ಪಾಪದ ಹುಡುಗಿ, ಅದನ್ನೇ ನಂಬಿ ನೇರವಾಗಿ ಡಾಕ್ಟರ್ ಎದುರಿಗೆ ಹೋಗಿ, ಬ್ಯಾಕಪ್ ಇದೆ, ಎಲ್ಲ ಗೊತ್ತಾಗುತ್ತೆ ಅಂದುಬಿಟ್ಟಳು. ಗಂಟೆಯೊಳಗೆ ನನಗೆ ಡಾಕ್ಟರ್ ಫೋನ್ ಬಂತು. ಆ ನಕಲು ತಂದುಕೊಡು ಅಂದರು. ತಪ್ಪಿಲ್ಲದವನಿಗೆ ಅದು ಯಾಕೆ ಬೇಕು? ಹುಡುಗಿ ಹೇಳಿದ್ದು ನಿಜ ಅಂತ ನನಗೆ ಆಗಲೇ ಖಾತ್ರಿಯಾಯಿತು. ದೂರು ವಾಪಸ್ ತಗೊಳ್ಳಿ, ಇಲ್ಲದಿದ್ದರೆ ನಾಳೆ ಬಂಡೂರಿಗೆ ಹೋಗಿ ಡಿಸ್ಕನ್ನು ಚಿಕ್ಕಮಾದು ಹೆಂಡತಿ ಕೈಗೇ ಕೊಡ್ತೀನಿ ಅಂತ ಬೆದರಿಸಿದೆ. ಖಾಲಿ ಡಿಸ್ಕ್ ಇಟ್ಟುಕೊಂಡು ಇಷ್ಟು ಧಿಮಾಕು!

ಯೋಚನೆ ಮಾಡಿ ಹೇಳ್ತೀನಿ ಅಂದರು. ಬೆದರಿಕೆ ನಿಜ ಅನ್ನಿಸಲಿ ಅಂತ ಮಾರನೇ ದಿನ ಖಾಲಿ ಡಿಸ್ಕನ್ನೇ ಬ್ಯಾಗಿಗೆ ಹಾಕಿಕೊಂಡು ಬಂಡೂರಿನ ದಾರಿ ಹಿಡಿದೆ. ಅವರ ಯೋಚನೆ ಶುಕ್ರವಾರ ಬೊಲೆರೊದಲ್ಲಿ ಬಂತು.

ಕಬ್ಬಿನ ಸಾಲಿನಲ್ಲಿ ಕೂತು ಲೆಕ್ಕ ಹಾಕಿದೆ. ಮುದ್ದಯ್ಯ ಮದ್ದೂರು ಸೇರುವುದಕ್ಕೆ ಅರ್ಧ ಗಂಟೆ. ಡಿಸ್ಕ್ ಖಾಲಿ ಅಂತ ಗೊತ್ತಾಗುವುದಕ್ಕೆ ಐದು ನಿಮಿಷ. ಅಷ್ಟರೊಳಗೆ ಏನಾದರೂ ಮಾಡಬೇಕು... ಆಗ ಹೊಳೆಯಿತು. ಪ್ಯಾನಲ್‌ಗೆ ಡಾಕ್ಟರಿಗೂ ಒಂದು ಪಾಸ್‌ವರ್ಡ್ ಕೊಟ್ಟಿದ್ದೆ. ಅಂಕಿ ತಿದ್ದುವವನು ಬ್ಯಾಕಪ್ಪಿಗೆ ಕೈ ಹಾಕದೆ ಬಿಟ್ಟಾನೆಯೇ? ಹಾಕಿದ್ದರೆ ಅಲ್ಲಿ ಹೆಜ್ಜೆ ಗುರುತು ಇರಬೇಕು.

ಬೈಕಿನ ಹ್ಯಾಂಡಲ್ ಸೊಟ್ಟಗಾಗಿತ್ತು. ಸೊಟ್ಟಗೇ ಓಡಿಸಿದೆ.

ಮಳವಳ್ಳಿ ಬಸ್ ಸ್ಟ್ಯಾಂಡ್ ಹಿಂದೆ ನನ್ನ ಚಿಕ್ಕಮ್ಮನ ಮಗಳು ಜಬೀನ್ ಸೈಬರ್ ಸೆಂಟರ್ ನಡೆಸುತ್ತಾಳೆ. ಶೋಭಿತಾಗೆ ಅಲ್ಲೇ ಕಾಯಲು ಹೇಳಿದ್ದೆ. ನನ್ನ ಮುಖ ನೋಡಿ ಜಬೀನ್ ಡೆಟಾಲ್ ತರುತ್ತೇನೆ ಅಂದಳು. ಮೊದಲು ಕಂಪ್ಯೂಟರ್ ಬಿಡು ಅಂದೆ. ಅರ್ಜಿ ತುಂಬಿಸಲು ಕೂತಿದ್ದ ನಾಲ್ಕು ಜನರನ್ನು ಅವಳು ಹೊರಗೆ ಕಳಿಸಿದಳು.

ಪ್ಯಾನಲ್. ಲಾಗ್. ಯಾರು ಯಾವಾಗ ಬಂದು ಏನು ಒತ್ತಿದರು ಅನ್ನುವ ಪಟ್ಟಿ.

ಭಾನುವಾರ, ಬೆಳಿಗ್ಗೆ 8.40. ಬಳಕೆದಾರ: ರಾಜೇಂದ್ರ. 'ಡಿಲೀಟ್ ಆಲ್ ಬ್ಯಾಕಪ್ಸ್.'

ಮನುಷ್ಯ ಸತ್ತು ಎರಡು ಗಂಟೆ ಆಗಿರಲಿಲ್ಲ! ಪಾಪ, ಅವರೂ ತಾರೀಕು ಓದಿಲ್ಲ, ಬರೀ ಹಳೇ ನಕಲುಗಳನ್ನು ಅಳಿಸಿದ್ದಾರೆ. ಅದರ ಕೆಳಗೆ ಇನ್ನೊಂದು ಸಾಲಿತ್ತು. 'ಸೇಫ್ಟಿ ಕಾಪಿ: ಕ್ರಿಯೇಟೆಡ್.'

ನಾನು ಎದ್ದು ನಿಂತೆ. ಏನನ್ನಾದರೂ ಅಳಿಸುವ ಮೊದಲು ಆ ಪ್ಯಾನಲ್ ಒಂದು ಮಾತು ಕೇಳುತ್ತದೆ, ಈಗಿನ ಡೇಟಾಬೇಸಿನ ಹೊಸ ನಕಲು ತೆಗೆದು ಪಕ್ಕಕ್ಕಿಡಲೇ ಅಂತ. ಟಿಕ್ ಮೊದಲೇ ಬಿದ್ದಿರುತ್ತದೆ. ಅವಸರದಲ್ಲಿದ್ದವರು ಓದದೆ ಓಕೆ ಒತ್ತುತ್ತಾರೆ. ಎಂಟು ತಿಂಗಳಲ್ಲಿ ಆ ಲ್ಯಾಬಿನ ಬ್ಯಾಕಪ್ ತೆಗೆದ ಒಬ್ಬನೇ ಮನುಷ್ಯ ಡಾಕ್ಟರ್ ರಾಜೇಂದ್ರ!

ಅಂಕಿ ತಿದ್ದಿದ್ದು ಅದಕ್ಕೆ ಮೊದಲೋ ಆಮೇಲೋ? ಅಷ್ಟರ ಮೇಲೆ ಶೋಭಿತಾಳ ಹಣೆಬರಹ ನಿಂತಿತ್ತು. ಡೌನ್‌ಲೋಡ್ ಒತ್ತಿದೆ. ನಕಲು ಇದ್ದದ್ದು ಮದ್ದೂರಿನ ಸರ್ವರಿನಲ್ಲೇ, ಮೆಲ್ಲಗೆ ಬರತೊಡಗಿತು. ಹನ್ನೆರಡು ಪರ್ಸೆಂಟ್... ಇಪ್ಪತ್ತು...

ಪರದೆಯ ಮೂಲೆಯಲ್ಲಿ 'ಆನ್‌ಲೈನ್: 1' ಇದ್ದದ್ದು 2 ಆಯಿತು.

ಮುದ್ದಯ್ಯ ಮದ್ದೂರು ತಲುಪಿದ್ದ. ಡಾಕ್ಟರ್ ಒಳಗೆ ಬಂದಿದ್ದರು. ಅವರು ಅದೇ ಲಾಗ್ ತೆಗೆದು ಓದುತ್ತಿರುವುದು ನನಗೆ ಇಲ್ಲಿ ಕಾಣುತ್ತಿತ್ತು. ಅವರ ಲಾಗಿನ್ ರದ್ದು ಮಾಡಿದೆ. ಒಂದು ನಿಮಿಷಕ್ಕೆ ಫೋನ್ ಬಂತು. ಏಟು ತಿಂದ ಕಿವಿ ಗುಂಯ್ ಅನ್ನುತ್ತಿತ್ತು, ಸ್ಪೀಕರಿಗೆ ಹಾಕಿದೆ.

"ಡಿಸ್ಕ್ ಖಾಲಿ ಇದೆ ಅಶ್ಫಾಕ್."

"ಹೌದು ಸಾರ್."

"ಆಯುಧಪೂಜೆಯಿಂದ ಒಂದು ಬ್ಯಾಕಪ್ಪೂ ಆಗಿಲ್ಲ. ನಿಲ್ಲಿಸಿರೋದು ನಿನ್ನ ಹೆಸರಲ್ಲಿದೆ. ರಿಜಿಸ್ಟರ್ ನನ್ನ ಮುಂದೆ ಇದೆ, ಎಂಟು ಸೈನ್. ನಾನು ಮುಳುಗಿದ್ರೆ ನಿನ್ನನ್ನೂ ಕರ್ಕೊಂಡೇ ಮುಳುಗೋದು."

ಶೋಭಿತಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಕಡೆ ನೋಡುವ ಧೈರ್ಯ ನನಗೆ ಬರಲಿಲ್ಲ.

ನಲವತ್ತೊಂದು... ನಲವತ್ತಾರು...

"ಅದನ್ನ ಬಿಟ್ಟು ಎದ್ದು ಹೋಗು. ರಿಜಿಸ್ಟರ್ ಹರಿದುಹಾಕ್ತೀನಿ. ಹುಡುಗಿ ಮೇಲಿನ ದೂರನ್ನ ನಾನೇ ತಣ್ಣಗೆ ಮಾಡಿಸ್ತೀನಿ. ಯಾರಿಗೂ ಏನೂ ಆಗಲ್ಲ."

ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನ್ನ ಕೈ ಕ್ಯಾನ್ಸಲ್ ಗುಂಡಿಯ ಹತ್ತಿರ ಹೋಗಿತ್ತು. ಇಪ್ಪತ್ತು ವರ್ಷದ ಹೆಸರು. ಎಂಟು ಸಹಿ ಹೊರಗೆ ಬಂದರೆ ಅಂಗಡಿ ಮುಚ್ಚಬೇಕು.

"ಚಿಕ್ಕಮಾದುಗೆ ಆಗೋಗಿದೆಯಲ್ಲ ಸಾರ್," ಅಂದೆ.

ಐವತ್ತೈದು...

"ರಕ್ತ ಕೆಟ್ಟಿದೆ ಅಂತ ನಾನು ನಿಜವಾಗ್ಲೂ ಅಂದ್ಕೊಂಡಿದ್ದೆ ಕಣಯ್ಯ." ದನಿ ಒಡೆದಿತ್ತು. ಆಮೇಲೆ ಫೋನಿನಿಂದ ಆಚೆಗೆ ತಿರುಗಿ ಹೇಳಿದ್ದು ಕೇಳಿಸಿತು. "ಮುದ್ದಯ್ಯ, ಸರ್ವರ್ ರೂಮಿನ ಮೇನ್ ಇಳಿಸು."

ಅರವತ್ತೆಂಟು...

ಲ್ಯಾಬಿನ ಕರೆಂಟು ಹೋಯಿತು. ಅಲ್ಲಿ ಯುಪಿಎಸ್ ಕೂಗತೊಡಗಿದ್ದು ಫೋನಿನಲ್ಲಿ ಕೇಳಿಸಿತು. ಬ್ಯಾಟರಿ ಯುಗಾದಿಗೆ ನಾನೇ ಬದಲಾಯಿಸಿದ್ದೆ, ಹತ್ತು ನಿಮಿಷ ತಡೆಯಬೇಕು. ಎಂಬತ್ತು... ಅದನ್ನೂ ಕಿತ್ತುಹಾಕು ಅಂತ ಡಾಕ್ಟರ್ ಕಿರುಚುತ್ತಿದ್ದರು. ಯಾವ್ದು ಸಾ, ಇಲ್ಲಿ ಮೂರ್ ಡಬ್ಬ ಅವೆ ಅಂತ ಮುದ್ದಯ್ಯ ಕೇಳುತ್ತಿದ್ದ. ತೊಂಬತ್ತೊಂದು... ತೊಂಬತ್ತೇಳು...

ಬಂತು!

ಎರಡು ಸೆಕೆಂಡಿಗೆ ಆ ಕಡೆ ಎಲ್ಲ ಸತ್ತುಹೋಯಿತು.

ಜಬೀನ್ ಕಂಪ್ಯೂಟರಿನಲ್ಲೇ ನಕಲು ಬಿಚ್ಚಿದೆ. ಚಿಕ್ಕಮಾದು, ಬಂಡೂರು. ಪೊಟ್ಯಾಸಿಯಂ 7.2. ಎಂಟ್ರಿ ಶೋಭಿತಾ, ಶನಿವಾರ 11.20. ಡಾಕ್ಟರ್ ಒಪ್ಪಿಗೆ: ತಡೆಹಿಡಿದಿದೆ. ಮೊದಲು ಬ್ಯಾಕಪ್ ಅಳಿಸಿ, ಆಮೇಲೆ ಅಂಕಿ ತಿದ್ದಿದ್ದರು.

ಶೋಭಿತಾ ಗೋಡೆಗೆ ಒರಗಿ ಕೂತು ಅತ್ತಳು. ಬಚಾವಾದವಳು ಅಳುತ್ತಾಳೆ ಬಿಡು ಅಂದುಕೊಂಡೆ. ಅವಳು ಅತ್ತದ್ದು ಅದಕ್ಕಲ್ಲ.

"ನಂದೂ ತಪ್ಪೈತೆ ಅಣ್ಣ. ಡಾಕ್ಟ್ರು ತಡೆದಿಡು ಅಂದಾಗ ನಾನೇ ಚಿಕ್ಕಮಾದು ಮನೆಗೊಂದು ಫೋನ್ ಮಾಡ್ಬೋದಿತ್ತು. ಎಸ್ಸೆಮ್ಮೆಸ್ ಹೆಂಗಿದ್ರೂ ಹೋಗಿರ್ತದೆ ಅಂತ ಸುಮ್ನಾದೆ."

"ಯಾವ ಎಸ್ಸೆಮ್ಮೆಸ್?" ಅಂದೆ. ಕೇಳುವಾಗಲೇ ಗೊತ್ತಾಗಿಬಿಟ್ಟಿತು.

ಪ್ಯಾನಲ್‌ನಲ್ಲಿ ಕೆಲಸಗಳ ಪಟ್ಟಿ ತೆಗೆದೆ. ಎರಡು ಸಾಲು. 'ಡೇಲಿ ಬ್ಯಾಕಪ್: ಸ್ಟಾಪ್ಡ್.' 'ಕ್ರಿಟಿಕಲ್ ಎಸ್ಸೆಮ್ಮೆಸ್: ಸ್ಟಾಪ್ಡ್.'

ಮೂರು ವರ್ಷದ ಹಿಂದೆ ನಾನೇ ಬರೆದದ್ದು. ಹತ್ತು ನಿಮಿಷಕ್ಕೊಂದು ಸಲ ಡೇಟಾಬೇಸ್ ನೋಡಬೇಕು. ಯಾರದಾದರೂ ಅಂಕಿ ಅಪಾಯದ ಗೆರೆ ದಾಟಿದ್ದರೆ ಅವರ ಫೋನಿಗೆ ನೇರವಾಗಿ ಮೆಸೇಜ್ ಹೋಗಬೇಕು, ತಕ್ಷಣ ಆಸ್ಪತ್ರೆಗೆ ಹೋಗಿ ಅಂತ. ಡಾಕ್ಟರ್ ಬೀಗರೂಟದಲ್ಲಿದ್ದರೂ ಹೋಗಬೇಕು, ಅವರ ಒಪ್ಪಿಗೆ ಅದಕ್ಕೆ ಬೇಕಿರಲಿಲ್ಲ. ನಾನು ಒತ್ತಿದ್ದು 'ಸ್ಟಾಪ್ ಆಲ್'.

ಹೇಳದೆ ಇದ್ದುಬಿಡಬಹುದಿತ್ತು. ಅವಳು ತನ್ನದೇ ತಪ್ಪು ಅಂದುಕೊಂಡು ಜೀವನ ಪೂರ್ತಿ ಹೊತ್ತುಕೊಂಡಿರುತ್ತಿದ್ದಳು.

"ನಿನ್ನ ತಪ್ಪಲ್ಲಮ್ಮ," ಅಂದೆ. "ಮೆಸೇಜ್ ಹೋಗಿಲ್ಲ. ಅದನ್ನ ನಿಲ್ಲಿಸಿದ್ದು ನಾನು."

ಅವಳು ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು. ಆಮೇಲೆ ಒಂದು ಸಲವೂ ನನ್ನನ್ನು ಅಣ್ಣ ಅನ್ನಲಿಲ್ಲ.

ಸ್ಟೇಷನ್ನಿಗೆ ಹೋಗುವ ಮೊದಲು ಬಂಡೂರಿಗೆ ಹೋದೆ. ಯಾರೂ ಹೋಗು ಅನ್ನಲಿಲ್ಲ. ಚಿಕ್ಕಮಾದು ಹೆಂಡತಿ ಮಂಚಮ್ಮ ಜಗಲಿ ಮೇಲೆ ಕೂತಿದ್ದರು. ದೊಡ್ಡಿಯಲ್ಲಿ ಕುರಿಗಳು ಮೇಯಲು ಬಿಡಿ ಅಂತ ಅರಚುತ್ತಿದ್ದವು. ಅಂಕಿಯ ವಿಷಯ ಹೇಳಿದೆ, ಡಾಕ್ಟರ ವಿಷಯ ಹೇಳಿದೆ. ಆಮೇಲೆ ಮೆಸೇಜಿನ ವಿಷಯಕ್ಕೆ ಬಂದು ನಾಲಿಗೆ ತಡವರಿಸಿತು. ಅವರೇ ಶುರು ಮಾಡಿದರು.

"ಬರ್ನಿಲ್ಲ ಕಣಪ್ಪ. ಸಂಜೆಗಂಟ ಫೋನ್ ಇಡ್ಕಂಡೇ ಕುಂತಿದ್ದೆ. ಓದ್ ವರ್ಸ ಹಿಂಗೇ ಜಾಸ್ತಿ ಆದಾಗ ಮೆಸೇಜ್ ಬಂದಿತ್ತು, ಪಕ್ಕದ್ಮನೆ ಮಗ ಓದಿ ಯೋಳ್ದ. ಅವತ್ತೇ ಮಂಡ್ಯುಕ್ಕೆ ಕರ್ಕಂಡೋಗಿ ಉಳಿಸ್ಕಂಡೆ. ಈ ಸಲ ಬರ್ನಿಲ್ಲ. ಬರ್ದೇ ಇದ್ರೆ ಏನೂ ಇಲ್ಲ ಅಂತ ತಾನೆ? ಮುದ್ದೆ ಉಣ್ಣುಸಿ ಮಲಗುಸ್ದೆ."

ಹೇಳಿಬಿಟ್ಟೆ. ಎಲ್ಲವನ್ನೂ. ಪೂಜೆ, ಗುಂಡಿ, ಮರೆವು.

ಅವರು ತುಂಬಾ ಹೊತ್ತು ನನ್ನ ಕೈಯನ್ನೇ ನೋಡಿದರು.

"ಎಂಟ್ ತಿಂಗ್ಳಾ?"

"ಹೂಂ ಕಣವ್ವ."

ಬೈಯುತ್ತಾರೆ, ಮಣ್ಣು ತೂರುತ್ತಾರೆ ಅಂತ ಕಾದೆ. ಅದಕ್ಕೇ ಹೋಗಿದ್ದೆ ಅಂತ ಕಾಣುತ್ತದೆ. ಅವರು ಒಳಗೆ ಹೋಗಿ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ತಂದು ಮುಂದೆ ಇಟ್ಟರು.

"ಬಿಸ್ಲಲ್ಲಿ ಬಂದಿದ್ದೀಯ. ಕುಡ್ದು ಓಗು."

ಕುಡಿದೆ. ಮುದ್ದಯ್ಯನ ಏಟು ಅದರ ಮುಂದೆ ಏನೂ ಅಲ್ಲ.

ಸಂಜೆ ನಾಲ್ಕೂವರೆಗೆ ಸ್ಟೇಷನ್ನಿನಲ್ಲಿ ಪೆನ್ ಡ್ರೈವ್ ಇಟ್ಟೆ, ಲಾಗಿನ ಮೂರು ಪುಟ ಪ್ರಿಂಟ್ ಇಟ್ಟೆ. ಹೆಡ್ ಕಾನ್‌ಸ್ಟೇಬಲ್ ಎರಡು ಸಲ ಓದಿಸಿಕೊಂಡು, ಸಾಹೇಬರಿಗೆ ತೋರಿಸಿ ಬಂದರು. ಶೋಭಿತಾ ನಾಳೆ ಬರುವುದು ಬೇಡ ಅಂದರು. ರಾಜೇಂದ್ರನ ಹೆಸರು ಬರೆದುಕೊಂಡರು. ಮುದ್ದಯ್ಯನ ಹೆಸರು ಬರೆದುಕೊಂಡರು.

"ನನ್ನದೂ ಬರ್ಕೊಳ್ಳಿ ಸಾರ್."

"ನಿಮ್ಮ ಮೇಲೆ ಏನಂತ ಬರೀಲಿ?"

"ಆ ಮನುಷ್ಯನ ಜೀವ ಉಳಿಸೋ ಮೆಸೇಜ್ ನಿಲ್ಲಿಸಿ ಮರೆತೆ ಅಂತ."

ಅವರು ಪೆನ್ನು ಹಿಡಿದು ಯೋಚಿಸಿದರು. ಬೇಕಂತ ಮಾಡಿದಿರಾ ಅಂದರು. ಇಲ್ಲ ಅಂದೆ. ದುಡ್ಡು ಗಿಡ್ಡು ತಗೊಂಡಿದ್ದೀರಾ ಅಂದರು. ಇಲ್ಲ ಅಂದೆ. ಪಕ್ಕದ ಮೇಜಿನವರನ್ನು ಕೇಳಿದರು, ಅವರೂ ತಲೆ ಆಡಿಸಿದರು. ಕೊನೆಗೆ ನನ್ನ ಹೆಸರನ್ನು ಸಾಕ್ಷಿಗಳ ಪಟ್ಟಿಗೆ ಹಾಕಿ, ಗಾಯಕ್ಕೆ ಔಷಧಿ ಹಚ್ಚಿಸಿಕೊಳ್ಳಿ, ಬೇಕಾದರೆ ಕರೆಸ್ತೀವಿ ಅಂತ ಮನೆಗೆ ಕಳಿಸಿದರು.

ಹೀಗೆ ನನ್ನನ್ನು ಸುಮ್ಮನೆ ಬಿಟ್ಟುಬಿಟ್ಟರು. ಇದಕ್ಕಿಂತ ಕಠಿಣ ಶಿಕ್ಷೆ ಅವರ ಪುಸ್ತಕದಲ್ಲಿ ಇರಲಿಲ್ಲ ಅಂತ ಕಾಣುತ್ತದೆ.